ಗಂಗವ್ವನ ಉಡಿಯೂ ಸೊಸೆಯ ಕ್ಲಚ್ಚೂ

ಆಗ ನನಗೆ ಎಪ್ಪತ್ತೊಂದು. ಅದಾಗಿ ಮೂರು ವರ್ಷವಾಯಿತು. ಹಲ್ಲು ಆಗ ಒಂಬತ್ತು ಇದ್ದವು, ಈಗ ಎಂಟು. ಆ ಒಂದು ಹೇಗೆ ಹೋಯಿತು ಎಂಬುದೂ ಇದರಲ್ಲೇ ಬರುತ್ತದೆ.

ನಾನು ಎರಡನೇ ಇಯತ್ತೆ ದಾಟಿದವಳಲ್ಲ. ಆದರೆ ಗಾಡಿಯ ಗೇರು ಬಲ್ಲೆ ಎಂದು ನಂಬಿದ್ದೆ. ನಮ್ಮ ಮನೆಯವರು ಮೂವತ್ತು ವರ್ಷ ತಾಂಡೂರಿನ ಹಾಸುಗಲ್ಲು ಹೇರಿದ ಲಾರಿ ಓಡಿಸಿದವರು. ಮದುವೆಯಾದ ಹೊಸದರಲ್ಲಿ ನಾನೂ ಪಕ್ಕದಲ್ಲಿ ಕೂತು ಜಹೀರಾಬಾದಿಗೆ ಹೋಗಿಬಂದಿದ್ದೇನೆ. ಒಟ್ಟು ನಾಲ್ಕು ಸಲ. ಅವರು ತೀರಿಕೊಂಡ ಮೇಲೆ ಲಾರಿ ಮಾರಿದೆವು, ಹಳೆಯ ಗೇರಿನ ಕೋಲೊಂದು ಮನೆಯಲ್ಲಿ ಉಳಿಯಿತು. ಅದನ್ನು ಗೋಡೆಗೆ ತೂಗುಹಾಕಿದ್ದೆ. ಓಣಿಯಲ್ಲಿ ಯಾರ ಟ್ರ್ಯಾಕ್ಟರ್ ಕೆಟ್ಟರೂ ಕೋಲು ಹಿಡಿದು ಹೋಗಿ ತೀರ್ಪು ಕೊಡುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಅದು ಅವರ ತಪ್ಪು.

ನಮ್ಮ ಮನೆ ನಾರಾಯಣಖೇಡದ ಅಂಚಿನಲ್ಲಿ. ಸೊಸೆ ಸುವರ್ಣಾ ನರ್ಸು. ಮನೂರ್ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಸೂಜಿ ಹಾಕುತ್ತಾಳೆ. ಆರು ವರ್ಷ ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಶೇರ್ ಆಟೋದಲ್ಲಿ ತಿರುಗಿದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಕೊನೆಗೆ ತನ್ನ ಪಗಾರದಿಂದ ಹಳೆಯ ಬಿಳಿ ಕಾರೊಂದನ್ನು ತಂದಳು. ತಾನೇ ಓಡಿಸಲು ಕಲಿತಳು.

ಆ ಕಾರನ್ನು ನಾಲೆಯ ಪಕ್ಕದ ತಗ್ಗಿನಲ್ಲಿ, ಬೇವಿನ ನೆರಳಿಗೆ ನಿಲ್ಲಿಸು ಎಂದವಳು ನಾನು. ಅಂಗಳದಲ್ಲಿ ನನ್ನ ಎಮ್ಮೆ ಇತ್ತು.

"ಮಳಿ ಬಂದ್ರ ಅಲ್ಲಿ ನೀರ್ ಬರ್ತಾವಲ್ರಿ ಅತ್ತಿ," ಎಂದಳು.

"ನಲವತ್ತು ವರ್ಷದಾಗ ಬಂದಿಲ್ಲ. ನಿನ್ನ ಕಾರ್ ಬಂದದ ಅಂತ ಬರ್ತಾವೇನು?"

ಬಂದವು. ಒಂದು ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಕಾರು ಸೀಟಿನ ಮಟ್ಟ ನೀರಿನಲ್ಲಿ ಕೂತಿತ್ತು. ಎಮ್ಮೆ ಒಣ ಅಂಗಳದಲ್ಲಿ ನಿಂತು ಮೆಲುಕು ಹಾಕುತ್ತಿತ್ತು.

ಟ್ರ್ಯಾಕ್ಟರ್ ಕಟ್ಟಿ ಕಾರನ್ನು ಮೇಲೆಳೆದು ಮನೆಯ ಮುಂದೆ ನಿಲ್ಲಿಸಿದರು. ಸೋಮವಾರ ಜಹೀರಾಬಾದಿನಿಂದ ಮೆಕ್ಯಾನಿಕ್ ಯೂಸುಫ್ ಬಂದ. ಎಂಜಿನ್ ಎಣ್ಣೆ ಚೆಲ್ಲಿದ. ಗೇರಿನ ಎಣ್ಣೆ ಇಳಿಸಿದರೆ ಹಾಲು ಹೆಚ್ಚಾದ ಚಹಾದಂತೆ ಬಂತು, ನೀರು ಒಳಹೊಕ್ಕ ಗುರುತು. ಹೊಸ ಎಣ್ಣೆ ಹಾಕಿದ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಚಾಲೂ ಆಯಿತು. ಅವನು ಹೋಗುವಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ಅಮ್ಮಾ, ನಿಮ್ಮ ಬಹೂಗೆ ಹೇಳ್ರಿ. ಕ್ಲಚ್ ಪ್ಲೇಟ್ ಇನ್ನಾ ಹಸಿ ಅದ. ರೋಜ್ ಒಂದು ಚಕ್ಕರ್ ಓಡಿಸ್ಬೇಕು. ಹಂಗೇ ನಿಂದ್ರಿಸಿದ್ರ ಜಂಗು ತುಕ್ಕು ಹಿಡಿದು ಎಂಜಿನ್ ಚಕ್ರಕ್ಕ ಅಂಟ್ಕೊಂತದ."

ಹೂಂ ಎಂದೆ.

ಆದರೆ ನೀರು ಮನೆಯ ತನಕ ಬಂದರೆ ಗಂಗವ್ವ ಬಂದಳು ಎನ್ನುವವರು ನಾವು. ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸಬಾರದು. ಉಡಿ ತುಂಬಲು ಶುಕ್ರವಾರವೇ ಆಗಬೇಕು. ಅಲ್ಲಿಯತನಕ ಆ ತಾಯಿಯನ್ನು ಕಾರಿನಲ್ಲಿ ಕೂರಿಸಿ ದಿನಾ ಚಕ್ಕರ್ ಹೊಡೆಸುವುದೇ? ಯೂಸುಫನ ಮಾತನ್ನು ನುಂಗಿದೆ.

ಸಂಜೆ ಸುವರ್ಣಾ ಬಂದಳು. "ಯೂಸುಫ್ ಭಾಯಿ ಏನಂದ್ರು ಅತ್ತಿ?"

"ಶುಕ್ರವಾರ ತನಕ ಮುಟ್ಟಬ್ಯಾಡ ಅಂದಾನ."

"ಹಂಗಂದ್ರೇನು?"

"ಮತ್ತ ನಾ ಸುಳ್ಳ ಹೇಳ್ತೀನೇನು?"

ಹೇಳಿದ್ದೆ.

ಶುಕ್ರವಾರ ಶಾಸ್ತ್ರೋಕ್ತವಾಗಿ ಉಡಿ ತುಂಬಿದೆ. ಕಾರಿನಲ್ಲಿ ಮಡಿಲು ಎಲ್ಲಿ ಎಂದು ತಿಳಿಯದೆ ಅದರ ಗೇರಿನ ಕೋಲಿಗೇ ಹಸಿರು ಖಣ ಕಟ್ಟಿದೆ. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅಡಕೆ ಹಾಕಿದೆ. ಗಂಗವ್ವ ಸಂತೋಷದಿಂದ ಹೋದಳೆಂದು ಭಾವಿಸಿದೆ.

ಶನಿವಾರ ಬೆಳಗ್ಗೆ ಸುವರ್ಣಾ ಕೀಲಿ ತಿರುಗಿಸಿದಳು. ಎಂಜಿನ್ ಚಾಲೂ ಆಯಿತು. ಗೇರ್ ಹಾಕಲು ಹೋದರೆ ಕರ್ರ್ ಎಂದು ಓಣಿಯೆಲ್ಲ ಕೇಳುವಂತೆ ಸದ್ದು. ಒಂದೂ ಬೀಳಲಿಲ್ಲ. ಮರುದಿನ ಪೋಲಿಯೋ ಹನಿ ಹಾಕುವ ಭಾನುವಾರ. ಅವಳ ಪಾಲಿಗೆ ನಾಲ್ಕು ಹಳ್ಳಿ. ಭಾನುವಾರ ಆ ಕಡೆಗೆ ಆಟೋ ಸಿಗುವುದೇ ಕಷ್ಟ.

ನಾನು ಗೋಡೆಯ ಕೋಲು ತಂದೆ. ಅದರ ಒಂದು ತುದಿ ಬಾನೆಟ್ಟಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಡಾಕ್ಟರಂತೆ ಆಲಿಸಿದೆ. ಏನೂ ತಿಳಿಯಲಿಲ್ಲ. ಆದರೂ ತೀರ್ಪು ಕೊಟ್ಟೆ.

"ಗೇರ್‌ಬಾಕ್ಸ್ ಹೋಗ್ಯಾದ. ಒಳಗ ಹಲ್ಲು ಉದುರ್ಯಾವ."

"ಎಂಜಿನ್ ಬಂದ್ ಇದ್ದಾಗ ಎಲ್ಲಾ ಗೇರ್ ಬೀಳ್ತಾವಲ್ರಿ ಅತ್ತಿ. ಹಲ್ಲು ಉದುರಿದ್ರ ಹ್ಯಾಂಗ ಬೀಳ್ತಾವ?"

"ಸತ್ತವನ ಕೈ ಎತ್ತಿದ್ರ ಏಳ್ತದ. ಅವ ಬದಕ್ಯಾನಂತೇನು?"

ಮಗ ಶರಣಪ್ಪ ತಾಯಿಯ ಮಾತು ನಂಬುವ ಒಳ್ಳೆಯ ಹುಡುಗ. ವಯಸ್ಸು ನಲವತ್ತೈದು. "ಗೇರ್‌ಬಾಕ್ಸ್ ಹೋಗಿದ್ರ ಕಾರಿನಕಿಂತ ರಿಪೇರಿ ದೊಡ್ಡದಾಗ್ತದ. ಗುಜರಿಗಿ ಹಾಕೋಣು," ಎಂದ. ಗುಜರಿಯವನಿಗೆ ಫೋನ್ ಮಾಡಿಸಿದವಳೂ ನಾನೇ. ನಾಳೆ ಬೆಳಗ್ಗೆ ಟೆಂಪೋ ತರುತ್ತೇನೆ ಎಂದ.

ಸುವರ್ಣಾ ಗೇರಿಗೆ ಕಟ್ಟಿದ ಖಣ ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ಯೂಸುಫನಿಗೆ ಫೋನ್ ಮಾಡಿದಳು.

ಅವನು ಮಧ್ಯಾಹ್ನ ಬಂದ. ಎಂಜಿನ್ ಬಂದ್ ಮಾಡಿ ಗೇರ್ ಹಾಕಿದ, ಬೆಣ್ಣೆಯಂತೆ ಬಿತ್ತು. ಚಾಲೂ ಮಾಡಿ ಹಾಕಿದ, ಕರ್ರ್. ನಕ್ಕ.

"ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. ಕ್ಲಚ್ ಅಂಟ್ಯಾದ. ಪೆಡಲ್ ಒತ್ತಿದ್ರೂ ಬಿಡವಲ್ದು. ರೋಜ್ ಓಡಿಸೀರೇನು?"

"ಮುಟ್ಟಬ್ಯಾಡ ಅಂದಿದ್ರಂತಲ್ರಿ?" ಎಂದಳು ಸುವರ್ಣಾ.

"ನಾನ್ಯಾಕ ಅನ್ಲಿ? ಅಮ್ಮಾಗೆ ಹೇಳಿದ್ದೆ, ದಿನಾ ಓಡಿಸ್ರಿ ಅಂತ."

ಮೂವರೂ ನನ್ನ ಕಡೆ ನೋಡಿದರು. ನಾನು ಎಮ್ಮೆಯ ಕಡೆ ನೋಡಿದೆ. ಸುವರ್ಣಾ ಬಯ್ಯಲಿಲ್ಲ. ಬೈದಿದ್ದರೆ ನನಗೆ ಜಗಳವಾಡಲು ಅನುಕೂಲವಿತ್ತು.

"ಒಂದು ಉಪಾಯ ಅದ," ಎಂದ ಯೂಸುಫ್. "ಗೇರಿನಾಗ ಇಟ್ಟೇ ಚಾಲೂ ಮಾಡ್ತೀನಿ. ಗಾಡಿ ಓಡ್ತದ. ಓಡ್ತಾ ಓಡ್ತಾ ಕ್ಲಚ್ ಒತ್ತಿಹಿಡ್ದು ಜಗ್ಗಬೇಕು. ಬಿಟ್ರ ಬಿಡ್ತು. ಇಲ್ಲಾಂದ್ರ ಎಲ್ಲಾ ಬಿಚ್ಚಬೇಕು, ನಾಳಿಗಿ ಆಗಂಗಿಲ್ಲ."

ನಾನು ಹಿಂದಿನ ಬಾಗಿಲು ತೆಗೆದು ಒಳಗೆ ಕೂತೆ, ಕೋಲಿನ ಸಮೇತ.

"ಅವ್ವ, ಇಳಿ," ಎಂದ ಶರಣಪ್ಪ.

"ಹಲ್ಲಿನ ಸಪ್ಪಳ ಬಂದ್ರ ನಾನೇ ಕೇಳಿ ಹೇಳ್ತೀನಿ." ಸೋತವರು ಬೇಗ ಇಳಿಯುವುದಿಲ್ಲ.

ಯೂಸುಫ್ ಕೀಲಿ ತಿರುಗಿಸಿದ. ಕಾರು ಹೋರಿ ಕರು ಹಗ್ಗ ಹರಿದಂತೆ ನೆಗೆಯಿತು. ಕ್ಲಚ್ ಒತ್ತಿದ, ನಿಲ್ಲಲಿಲ್ಲ. ಎಕ್ಸಲೇಟರ್ ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ನಾನು ಮುಂದೆ ಹೋದೆ, ಹಿಂದೆ ಬಂದೆ, ಮುಂದೆ ಹೋದೆ. ಓಣಿಯ ಕೊನೆಯಲ್ಲಿ ಪಕ್ಕದ ಮನೆ ಕಾಶಮ್ಮನ ಜೋಳದ ಕಣಿಕೆ ಬಣವೆ ಇತ್ತು. ಸ್ವಲ್ಪ ಹೊತ್ತಿನಲ್ಲಿ ಅದರ ಒಂದು ಮಗ್ಗುಲು ಇರಲಿಲ್ಲ.

"ಗಂಗವ್ವಗ ತವರಮನಿಗಿ ಬಿಡಾಕ ಹೊಂಟೀಯೇನವ್ವ?" ಎಂದು ಕಾಶಮ್ಮ ಕಟ್ಟೆಯ ಮೇಲಿಂದ ಕೇಳಿದಳು.

ಉತ್ತರ ಕೊಡಲು ಬಾಯಿ ತೆರೆದೆ. ಅದೇ ಹೊತ್ತಿಗೆ ಯೂಸುಫ್ ಬ್ರೇಕ್ ಒತ್ತಿದ. ಕೆಳಗೆ ಠಪ್ ಎಂದಿತು. ನನ್ನ ಬಾಯಿ ಕೈಯಲ್ಲಿದ್ದ ಕೋಲಿಗೆ ಬಡಿಯಿತು. ಕ್ಲಚ್ ಬಿಟ್ಟಿತ್ತು. ಯೂಸುಫ್ ಒಂದು, ಎರಡು, ಮೂರು, ರಿವರ್ಸ್ ಎಲ್ಲ ಹಾಕಿ ತೋರಿಸಿ, ಕಾರನ್ನು ಮೆಲ್ಲಗೆ ಮನೆಯ ಮುಂದೆ ತಂದು ನಿಲ್ಲಿಸಿದ.

ಸುವರ್ಣಾ ಬಾಗಿಲು ತೆಗೆದಳು. "ಅತ್ತಿ, ಹಲ್ಲು ಉದುರ್ಯಾವ ಅಂದಿದ್ರಲ್ಲಾ, ಎಷ್ಟು?"

ಅಂಗೈ ಬಿಚ್ಚಿ ತೋರಿಸಿದೆ. ಒಂದು.

ಅವಳು ನಗುತ್ತಲೇ ಅರಿವೆ ತಂದು ರಕ್ತ ಒರೆಸಿದಳು. ನರ್ಸಲ್ಲವೇ, ಬಾಯಿ ಮುಚ್ಚಿಕೊಂಡಿರಲು ಅಧಿಕಾರದಿಂದ ಹೇಳಿದಳು. ಸಂಜೆಯತನಕ ಮುಚ್ಚಿಕೊಂಡಿದ್ದೆ.

ಮರುದಿನ ಬೆಳಗ್ಗೆ ಆರಕ್ಕೆ ಸುವರ್ಣಾ ಪೋಲಿಯೋ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಮನೂರಿಗೆ ಹೋದಳು. ಮೂರನೇ ಗೇರಿನ ತನಕ ನಿಂತು ಕೇಳಿದೆ. ಏನೂ ಸದ್ದಿಲ್ಲ.

ಅಷ್ಟರಲ್ಲಿ ಗುಜರಿಯವನು ಟೆಂಪೋ ತಂದು ನಿಲ್ಲಿಸಿದ. "ಕಾರ್ ಎಲ್ಲದ ಅಮ್ಮಾ?"

"ಡ್ಯೂಟಿಗಿ ಹೋಗ್ಯಾದ."

"ಮತ್ತ ನನಗ್ಯಾಕ ಕರ್ಸಿದ್ರಿ?"

ಕರೆಸಿದವರು ಬರಿಗೈಯಲ್ಲಿ ಕಳಿಸಬಾರದು. ಒಳಗೆ ಹೋಗಿ ಗೋಡೆಯಿಂದ ಗೇರಿನ ಕೋಲು ಇಳಿಸಿ ತಂದುಕೊಟ್ಟೆ. ಅವನು ತೂಗಿದ. ನನ್ನ ವಿದ್ಯೆಯೆಲ್ಲ ಸೇರಿ ಎರಡೂವರೆ ಕಿಲೋ ಬಂತು. ಬದಲಿಗೆ ಒಂದು ಬುಟ್ಟಿ ಉಳ್ಳಾಗಡ್ಡಿ ಸುರಿದ. ಅರ್ಧ ಕೊಳೆತಿದ್ದವು.

ಆಮೇಲೆ ಎಮ್ಮೆಯನ್ನು ಬಿಚ್ಚಿ ತಗ್ಗಿನ ಬೇವಿನ ಮರಕ್ಕೆ ಕಟ್ಟಿದೆ. ಕಾರಿಗೆಂದು ಅಂಗಳ ಬಳಿದೆ. ಎಮ್ಮೆಗೇನು, ಈಜು ಬರುತ್ತದೆ. ಗೇರಿನ ವಿಷಯದಲ್ಲೂ ಅದಕ್ಕೆ ನನ್ನಷ್ಟೇ ತಿಳಿವಳಿಕೆ.