ತೊಂಬತ್ತು ಸರಪಳಿಯ ಕಿಲೋಮೀಟರು

ನನ್ನ ಸೋದರಮಾವನ ಮನೆಯಲ್ಲಿ ಮೂರು ಥರ್ಮಾಮೀಟರುಗಳಿವೆ. ಒಂದು ಜ್ವರ ನೋಡುವುದಕ್ಕೆ. ಎರಡನೆಯದು, ಮೊದಲನೆಯದು ಸುಳ್ಳು ಹೇಳುತ್ತಿದೆಯೇ ಎಂದು ನೋಡುವುದಕ್ಕೆ. ಮೂರನೆಯದು, ಅವೆರಡೂ ಒಳಗೊಳಗೇ ಮಾತಾಡಿಕೊಂಡಿದ್ದರೆ ಇರಲಿ ಎಂದು! ಇಂಥ ಮನುಷ್ಯ ತನ್ನ ಓಬೀರಾಯನ ಕಾಲದ ಕಾರಿಗೆ ಎಲೆಕ್ಟ್ರಾನಿಕ್ ಸ್ಪೀಡೋಮೀಟರ್ ಹಾಕಿಸುತ್ತೇನೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೋ ಇಲ್ಲವೋ? ನನಗಂತೂ ಬಂತು. ನಾನೂ ಅದೇ ವಂಶದವನು ನೋಡಿ.

ಮಾವ ವರ್ತೂರಿನವರು. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಎಂಟು ಬಾಡಿಗೆ ಮನೆಗಳು ಎದ್ದಿವೆ. ಹಾಲಿನವನು ಬಂದರೆ ಹಾಲಿಗೆ ಬೆರಳು ಅದ್ದುತ್ತಾರೆ. ಪೆಟ್ರೋಲ್ ಬಂಕಿಗೆ ಹೋದರೆ ಜೊತೆಗೆ ಐದು ಲೀಟರಿನ ಅಳತೆ ಕ್ಯಾನು ಒಯ್ಯುತ್ತಾರೆ. ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಚೆನ್ನಾಗಿ ಹಾಡಿದಳು. ಮಾವ ನನ್ನ ಕಿವಿಯ ಹತ್ತಿರ ಬಾಗಿ, "ಫೋನಲ್ಲಿ ಹಾಕ್ಬುಟ್ಟು ಬಾಯಿ ಆಡಿಸ್ತಾ ಇರ್ಬೋದು, ಹತ್ರ ಹೋಗಿ ಕೇಳ್ಲಾ" ಎಂದರು. ಹುಡುಗಿಗೆ ಕೇಳಿಸಿಬಿಟ್ಟಿತು! ಈಗ ಅವಳೇ ನನ್ನ ಹೆಂಡತಿ. ಮಾವನೆದುರು ಇವತ್ತಿಗೂ ಅವಳು ಹಾಡುವುದಿಲ್ಲ.

ಇನ್ನು ಆ ಕಾರು. ಕಪ್ಪು ಬಣ್ಣ, ಗುಂಡು ಮೂತಿ, ಮುಂದುಗಡೆ ಸೋಫಾದಂಥ ಒಂದೇ ಉದ್ದನೆಯ ಸೀಟು. ವಯಸ್ಸಿನಲ್ಲಿ ನನ್ನ ಅಮ್ಮನಿಗಿಂತ ಎರಡು ವರ್ಷ ದೊಡ್ಡದು. ಅದರ ಸ್ಪೀಡೋಮೀಟರಿನ ಮುಳ್ಳು ನಾನು ಹುಟ್ಟುವ ಮೊದಲೇ ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಮಾವ ಅದನ್ನು ರಿಪೇರಿ ಮಾಡಿಸುವ ಗೋಜಿಗೇ ಹೋಗಲಿಲ್ಲ, ಏಕೆಂದರೆ ಪಕ್ಕದಲ್ಲಿ ಅತ್ತೆ ಕೂರುತ್ತಿದ್ದರು. ಗಾಡಿ ಮೂವತ್ತು ಮುಟ್ಟಿದರೆ ಅತ್ತೆ ಸೆರಗೆಳೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ನಲವತ್ತಕ್ಕೆ "ರೀ!" ಐವತ್ತಕ್ಕೆ "ರೀ, ನಿಮಗೇ ಯೋಳ್ತಿರೋದು!" ಅರವತ್ತಕ್ಕೆ ತವರುಮನೆ ದೇವರ ಹೆಸರು. "ಈ ಮೀಟ್ರು ಒಂದಿನಾನೂ ತಪ್ಪು ತೋರ್ಸಿಲ್ಲ ಕಣ್ಲಾ" ಎಂದು ಮಾವ ಮೀಸೆ ತಿರುವುತ್ತಿದ್ದರು. ಈ ಲೋಕದಲ್ಲಿ ಅವರು ಪರೀಕ್ಷೆ ಮಾಡದೆ ನಂಬಿದ್ದ ಅಳತೆ ಅದೊಂದೇ.

ಅಂಥವರು ಹೋದ ತಿಂಗಳು ಫೋನ್ ಮಾಡಿ, "ನಾಳೆ ಪೀಣ್ಯಕ್ಕೆ ಹೋಗಿ ಕಾರಿಗೆ ಮೀಟ್ರು ಹಾಕಿಸ್ಬೇಕು, ಜೊತೇಲಿ ಬಾ" ಎಂದರು. ನಿಜ ಹೇಳಿಬಿಡುತ್ತೇನೆ, ಆ ಕಾರಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಕಣ್ಣಿದೆ. ಮಾವನ ಮಗಳಿಗೆ ಗೇರೇ ಇಲ್ಲದ ಕಾರು ಬೇಕು, ಆದ್ದರಿಂದ ಇದು ನನಗೇ ಎಂದು ಮನಸ್ಸಿನಲ್ಲೇ ಬರೆಸಿಕೊಂಡಿದ್ದೆ. ಈ ನಡುವೆ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನ ಹಳೇ ಕಾರಿನ ಹುಚ್ಚಿನವನೊಬ್ಬ ಎರಡು ಸಲ ಬಂದು, ಕಾರಿಗೆ ಪ್ರದಕ್ಷಿಣೆ ಹಾಕಿ ಫೋಟೋ ತೆಗೆದುಕೊಂಡು ಹೋಗಿದ್ದ. ಹಾಗಾದರೆ ಮಾವ ಕಾರನ್ನು ಸಿಂಗರಿಸಿ ಅವನಿಗೆ ಮಾರುತ್ತಿದ್ದಾರೆ! ಅಮ್ಮನೂ ಉರಿಗೆ ತುಪ್ಪ ಸುರಿದಳು. "ಅತ್ತಿಗೆಗೆ ಬೆನ್ನಿನ ಆಪರೇಷನ್ ಆಗಿ ಇನ್ನೂ ಎರಡು ತಿಂಗಳಾಗಿಲ್ಲ. ಇವನಿಗೆ ಈಗ ಕಾರಿನ ಶೋಕಿ ಬಂತಾ? ಏನೋ ಐತೆ ಕಣೋ, ಹೋಗಿ ನೋಡ್ಕೊಂಡು ಬಾ."

ಹೋದೆ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಮೀಟರು ಕೂರಿಸುವ ಮೆಕ್ಯಾನಿಕ್ ಎರಡು ಡಬ್ಬಿ ಬಿಚ್ಚಿಟ್ಟ. "ಸಾರ್, ಇದು ಸ್ಯಾಟಲೈಟಿಂದ ಸ್ಪೀಡ್ ತಗೊಳ್ಳುತ್ತೆ. ಗಾಡಿಗೆ ಏನೂ ಫಿಟ್ ಮಾಡೋದೇ ಬೇಡ."

ಮಾವ ಕಣ್ಣು ಕಿರಿದು ಮಾಡಿ ಆಕಾಶ ನೋಡಿದರು. "ಅಂದ್ರೆ ನಾನಿಲ್ಲಿ ಕಾರು ಓಡಿಸ್ತೀನಿ, ಮೇಲೆ ಕೂತ್ಕೊಂಡು ಯಾವನೋ ನನ್ ಸ್ಪೀಡು ಯೋಳ್ತಾನೆ. ಮೋಡ ಬಂದ್ರೆ?"

"ಮೋಡ ಬಂದ್ರೂ ಕಾಣುತ್ತೆ ಸಾರ್."

"ಮೋಡದಾಗೂ ಕಾಣ್ತದಂತೆ! ನಂಬ್ತೀಯೇನ್ಲಾ ಮಗಾ?"

ಕೊನೆಗೆ ಗೇರ್‌ಬಾಕ್ಸಿಗೆ ಸೆನ್ಸರ್ ಕೂರಿಸಿ, ವೈರು ಎಳೆದು, ಹಳೆಯ ಮೀಟರಿನ ಜಾಗದಲ್ಲೇ ಕೂರುವ ಇನ್ನೊಂದನ್ನು ಒಪ್ಪಿದರು. ಮುಳ್ಳು, ಅಂಕಿ, ಎಲ್ಲ ಹಳೆಯದರ ಹಾಗೇ. ಆದರೆ ಮಾವನದು ಒಂದೇ ಪ್ರಶ್ನೆ. "ಇಪ್ಪತ್ತರ ಕೆಳಗೆ ಸರಿಯಾಗಿ ತೋರಿಸ್ತದಾ?" ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಎಲ್ಲರೂ ನೂರರ ಮೇಲೆ ತೋರ್ಸುತ್ತಾ ಅಂತಾರೆ ಸಾರ್. ನೀವೊಬ್ರೇ ಕೆಳಗಿಂದು ಕೇಳಿದ್ದು." ನಾನು ಇದನ್ನೂ ಅನುಮಾನದ ಲೆಕ್ಕಕ್ಕೆ ಸೇರಿಸಿಕೊಂಡೆ.

ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಹೊಸ ಮೀಟರಿನ ಗಾಜಿನ ಮೇಲೆ, ಇಪ್ಪತ್ತರ ಅಂಕಿಯ ಪಕ್ಕದಲ್ಲೇ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಕೆಂಪು ಸ್ಟಿಕ್ಕರ್ ಬೊಟ್ಟು! ಅತ್ತೆ ಜನ್ಮದಲ್ಲಿ ಸ್ಟಿಕ್ಕರ್ ಬೊಟ್ಟು ಇಟ್ಟವರಲ್ಲ, ಅವರದು ಕಾಸಿನಗಲದ ಕುಂಕುಮ. ಹಾಗಾದರೆ ಇದು ಯಾರದು? ಅಯ್ಯೋ ಶಿವನೇ, ಅರವತ್ತೆಂಟನೇ ವಯಸ್ಸಿನಲ್ಲಿ! ಕಾರು ಕೈಬಿಟ್ಟು ಹೋಗುವ ಚಿಂತೆಯ ಜೊತೆ ಈಗ ಮಾವ ಕೈಬಿಟ್ಟು ಹೋಗುವ ಚಿಂತೆಯೂ ಹತ್ತಿಕೊಂಡಿತು. ಅಮ್ಮನಿಗೆ ಮಾತ್ರ ಹೇಳಲಿಲ್ಲ, ಹೇಳಿದ್ದರೆ ಸಂಜೆಯೊಳಗೆ ಇಡೀ ವರ್ತೂರಿಗೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಭಾನುವಾರ ಬೆಳಿಗ್ಗೆ ಮತ್ತೆ ಕರೆ ಬಂತು. ಮೀಟರಿಗೆ ಅಳತೆ ಕಲಿಸಬೇಕಂತೆ. ಮೆಕ್ಯಾನಿಕ್ ಹೇಳಿಕೊಟ್ಟದ್ದು ಬಹಳ ಸುಲಭ. ಗುಂಡಿ ಒತ್ತಿ, ಒಂದು ಕಿಲೋಮೀಟರು ಓಡಿಸಿ, ಮತ್ತೆ ಗುಂಡಿ ಒತ್ತಿದರೆ ಆಯಿತು, ಒಂದು ಕಿಲೋಮೀಟರು ಎಂದರೆ ಇಷ್ಟು ಎಂದು ಅದು ಕಲಿತುಕೊಳ್ಳುತ್ತದೆ. ಆದರೆ ಆ ಒಂದು ಕಿಲೋಮೀಟರನ್ನು ಮಾವ ಎಲ್ಲಿಂದ ತರುತ್ತಾರೆ? ರಸ್ತೆ ಬದಿಯ ಕಲ್ಲು ನಂಬುವ ಹಾಗಿಲ್ಲ, ಯಾರೋ ಕಿತ್ತು ನೆಟ್ಟಿರಬಹುದು. ಫೋನಿನ ಮ್ಯಾಪು ಮತ್ತೆ ಮೇಲಿನವನ ಮಾತು. ಆದ್ದರಿಂದ ಅಟ್ಟದಿಂದ ಸರಪಳಿ ಇಳಿಯಿತು!

ಅದು ಜಮೀನು ಅಳೆಯುವ ಮೂವತ್ತಮೂರಡಿಯ ಕಬ್ಬಿಣದ ಸರಪಳಿ. ಹಿಂದೆ ರಸ್ತೆಗೆ ಹೊಲ ಹೋದಾಗ, ಸರ್ವೆಯವರು ಅಳೆದು ಹೋದ ಮೇಲೆ ತಾವೇ ಇನ್ನೊಂದು ಸಲ ಅಳೆಯಲು ಮಾವ ಕೊಂಡದ್ದು. ನೂರು ಸಲ ಹಾಸಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ಎಳೆಯುವವನು ನಾನು, ಸೀಮೆಸುಣ್ಣದಲ್ಲಿ ಗುರುತು ಹಾಕುವವರು ಅವರು. ಹತ್ತು ಸರಪಳಿ ಆಗುವಷ್ಟರಲ್ಲಿ ರಸ್ತೆಯ ಎರಡೂ ಬದಿಯ ಅಂಗಡಿಯವರು ಓಡಿ ಬಂದರು. "ಸಾರ್, ರೋಡ್ ಅಗಲ ಮಾಡ್ತಾರಾ? ನಮ್ಮ ಕಡೆ ಎಷ್ಟಡಿ ಹೋಗುತ್ತೆ?" ಕಾರಿನ ಮೀಟರಿಗೆ ಎಂದು ನಾನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಟೀ ಅಂಗಡಿಯವನು ಮುಂದಕ್ಕೆ ಚಾಚಿದ್ದ ಶೀಟನ್ನು ಮೆಲ್ಲಗೆ ಒಳಗೆಳೆದುಕೊಂಡು, ನಮಗಿಬ್ಬರಿಗೂ ಪುಕ್ಕಟೆ ಟೀ ಕೊಟ್ಟ. ಮಾವ ಅದನ್ನು ಮೂಸಿ ನೋಡಿ ಕುಡಿದರು.

ನೂರು ಗುರುತೂ ಮುಗಿಯಿತು. ಕಾರು ಹತ್ತಿದೆವು. ಮಾವ ಗುಂಡಿ ಒತ್ತಿ ಹೊರಟರು. ನಾನು ಗುರುತು ಎಣಿಸುತ್ತಿದ್ದೆ. ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು... ಮಾವ ಗಾಡಿ ನಿಲ್ಲಿಸಿ ಗುಂಡಿ ಒತ್ತಿಯೇಬಿಟ್ಟರು!

"ಮಾವ, ಇದು ತೊಂಬತ್ತು! ಇನ್ನೂ ಹತ್ತು ಸರಪಳಿ ಐತೆ!"

"ಗೊತ್ತು. ಸುಮ್ಕೆ ಕೂತ್ಕೊ."

ನನಗೆ ರೇಗಿಹೋಯಿತು. ಲೋಕದ ಹಾಲು, ಪೆಟ್ರೋಲು, ಜ್ವರ ಎಲ್ಲವನ್ನೂ ಅಳೆದು ನೋಡುವ ಮನುಷ್ಯ ಸ್ವಂತ ಮೀಟರಿಗೆ ಮೋಸ ಮಾಡುವುದೇ? ಇನ್ನು ಮೇಲೆ ಕಾರು ಹದಿನೆಂಟರಲ್ಲಿ ಹೋದರೆ ಅದು ಇಪ್ಪತ್ತು ಎಂದು ತೋರಿಸುತ್ತದೆ! ಮಾರುವವನು ಓಡಿದ್ದನ್ನು ಕಡಿಮೆ ತೋರಿಸಿಯಾನು, ಹೆಚ್ಚು ತೋರಿಸುವ ಪೆದ್ದ ಎಲ್ಲಿದ್ದಾನೆ? "ನಿಜ ಹೇಳಿ ಮಾವ. ಈ ಕಾರು ಯಾರಿಗೆ ಮಾರ್ತಿದ್ದೀರಾ? ಆ ಬೊಟ್ಟು ಯಾರದು?" ಎಂದು ಕೇಳಿಯೇಬಿಟ್ಟೆ.

ಮಾವ ಇಂಜಿನ್ ಆರಿಸಿದರು.

"ನಿಮ್ಮತ್ತೆ ಈಗ 'ರೀ' ಅನ್ನಲ್ಲ ಕಣ್ಲಾ" ಎಂದರು. "ವಾರಕ್ಕೆ ಮೂರು ದಿನ ಬೆನ್ನಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ. ಗುಂಡೀಲಿ ಚಕ್ರ ಬಿದ್ರೂ ಅನ್ನಲ್ಲ. 'ನೋವಾಯ್ತಾ' ಅಂದ್ರೆ 'ಇಲ್ಲ, ಓಡ್ಸಿ' ಅಂತಾಳೆ. ಮನೆಗೋಗಿ ನೋಡಿದ್ರೆ ಕೆಳತುಟಿ ಕಚ್ಚಿ ಕಚ್ಚಿ ಗಾಯ ಮಾಡ್ಕೊಂಡಿರ್ತಾಳೆ. ನೋವು ಅಂದ್ರೆ ನಾನು ಕಾರು ಮೂಲೆಗೆ ತಳ್ಬುಡ್ತೀನಿ ಅಂತ ಅವ್ಳಿಗೆ ಗೊತ್ತು. ಅದಕ್ಕೆ ಸುಳ್ಳು ಯೋಳ್ತಾಳೆ. ಊರೋರೆಲ್ಲಾ ಸುಳ್ಳು ಯೋಳ್ಳಿ ಬುಡು, ಅಳೆದು ನೋಡ್ತೀನಿ. ಅವ್ಳೇ ಯೋಳಿದ್ರೆ ನಾನೇನ್ಲಾ ಮಾಡ್ಲಿ?"

ನಾನು ಆ ಕೆಂಪು ಬೊಟ್ಟಿನ ಕಡೆ ನೋಡಿದೆ. ಮಾವನೇ ಮುಂದುವರಿಸಿದರು.

"ಜೋಪಾನವಾಗಿ ಕರ್ಕೊಂಬನ್ನಿ ಅಂದ್ರು ಡಾಕ್ಟ್ರು. ಜೋಪಾನ ಅಂದ್ರೆ ಎಷ್ಟು ಅಂತ ಕೇಳ್ದೆ. ನಗಾಡ್ಕೊಂಡು, ಇಪ್ಪತ್ತು ದಾಟ್ಬೇಡಿ ಅಂದ್ರು. ಆ ಡಾಕ್ಟ್ರಿಗೆ ವರ್ತೂರು ರೋಡು ಗೊತ್ತಾ? ಅದಕ್ಕೇ ಹದಿನೆಂಟು."

"ಹಾಗಾದ್ರೆ ಬೊಟ್ಟನ್ನೇ ಹದಿನೆಂಟಕ್ಕೆ ಅಂಟಿಸಬಹುದಿತ್ತಲ್ಲ ಮಾವ?"

"ನಿಮ್ಮತ್ತೆಗೆ ಓದಾಕೆ ಬರ್ತದಲ್ಲಪ್ಪಾ! 'ಡಾಕ್ಟ್ರೇ ಇಪ್ಪತ್ತು ಅಂದವ್ರೆ, ನೀವ್ಯಾಕೆ ಎತ್ತಿನ ಗಾಡಿ ಮಾಡ್ತೀರಾ' ಅಂತ ಶುರು ಮಾಡ್ತಾಳೆ. ಅವ್ಳ ಕುಂಕುಮಾನೇ ಇಟ್ಟಿದ್ದೆ, ಗಾಜಿನ ಮೇಲೆ ನಿಲ್ಲಲ್ಲ, ಉದುರ್ತದೆ. ಫ್ಯಾನ್ಸಿ ಸ್ಟೋರಿಗೆ ಹೋಗಿ ನಾನೇ ಕೇಳಿ ತಂದೆ. ಆ ಹುಡ್ಗಿ ನನ್ನ ಒಂಥರಾ ನೋಡಿದ್ಳು."

ಸೋಮವಾರ ನಾನೂ ಜೊತೆಗೆ ಹೋದೆ. ಅತ್ತೆ ಮುಂದೆ ಕೂತರು, ನಾನು ಹಿಂದೆ. ಮುಳ್ಳು ಬೊಟ್ಟಿಗೆ ತಾಗಿಕೊಂಡೇ ಇತ್ತು. ಹಿಂದೆ ಬರುತ್ತಿದ್ದ ಕಂಪನಿ ಕ್ಯಾಬುಗಳು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದವು. "ಇನ್ನೊಂಚೂರು ಜೋರಾಗಿ ಓಡ್ಸಿ, ನಂಗೇನೂ ನೋವಿಲ್ಲ" ಎಂದರು ಅತ್ತೆ. "ಇಪ್ಪತ್ತರಲ್ಲೇ ಓಯ್ತಾ ಇವ್ನಿ ನೋಡು" ಎಂದರು ಮಾವ. ಇಬ್ಬರೂ ಒಬ್ಬರಿಗೊಬ್ಬರು ಹಸಿಹಸಿ ಸುಳ್ಳು ಹೇಳಿಕೊಂಡು ಆರಾಮಾಗಿ ಕೂತಿದ್ದರು.

ಮುಂದೆ ರಸ್ತೆ ಅಗೆದು ಮುಚ್ಚಿದ್ದ ಕಡೆ ಉಬ್ಬು ಕಾಣಿಸಿತು. ಮಾವನ ಕಣ್ಣು ರಸ್ತೆಯ ಮೇಲಿತ್ತು. ಹಿಂದಿನಿಂದ ನನಗೆ ಅತ್ತೆಯ ಎಡಗೈ ಕಾಣುತ್ತಿತ್ತು. ಅದು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು, ಬೆರಳ ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು.

"ಮಾವ, ಇನ್ನೂ ನಿಧಾನ" ಎಂದೆ.

ಯಾಕೆ ಎಂದು ಮಾವ ಕೇಳಲಿಲ್ಲ. ಮೀಟರೂ ನೋಡಲಿಲ್ಲ. ನನ್ನ ಮಾತಿಗೆ ಸುಮ್ಮನೆ ಬ್ರೇಕ್ ಒತ್ತಿದರು.