ಮಗ್ಗಕ್ಕೆ ಸಿಕ್ಕ ಚುಂಗು

"ಭಾವಾ, ಇದು ನಿಮ್ಮ ಕೈಲಿ ಆಗೋ ಕೆಲ್ಸ ಅಲ್ಲ, ಬನ್ನಿ" ಎಂದು ಬಾಮೈದ ದೇವರಾಜ್ ನಕ್ಕಿದ್ದೇ ತಪ್ಪಾಯಿತು. ವೆಂಕಟರಾಯಪ್ಪ ಚಪ್ಪಲಿ ಬಿಟ್ಟರು.

ತ್ಯಾಮಗೊಂಡ್ಲಿನಿಂದ ದೇವನಹಳ್ಳಿಯ ಬೀಗರ ಮನೆ ಊಟಕ್ಕೆ ಹೊರಟಿದ್ದವರು ಅವರು. ದಾರಿಯಲ್ಲಿ, ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರ ಮುಂದೆ 'ನೀವೇ ನೇಯ್ದು ನೋಡಿ' ಎಂಬ ಬೋರ್ಡು ಕಂಡು ಹೆಂಡತಿ ಮುನಿಲಕ್ಷ್ಮಮ್ಮ ಕಾರು ನಿಲ್ಲಿಸಿದ್ದರು. ನೇಯಲಿಕ್ಕಲ್ಲ, ಸೀರೆ ನೋಡಲಿಕ್ಕೆ. ಆಕೆ ಆಗಲೇ ಒಳಕೋಣೆಯಲ್ಲಿ ಸೀರೆ ರಾಶಿಯ ಮುಂದೆ ಕೂತಿದ್ದರು.

"ಒಂದು ಗೇಣು ನೇಯ್ದೇ ಏಳೋದು!" ವೆಂಕಟರಾಯಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರು.

ಮಗ್ಗದೊಡತಿ ಅಕ್ಷತ ಹೇಳಿಕೊಟ್ಟಳು. "ಕಾಲಲ್ಲಿ ಮೆಟ್ಟಿ, ಹಗ್ಗ ಎಳೀರಿ, ಆಮೇಲೆ ಬಡೀರಿ ಸಾರ್."

ವೆಂಕಟರಾಯಪ್ಪ ಮೂರನ್ನೂ ಒಟ್ಟಿಗೇ ಮಾಡಿದರು. ಲಾಳಿ ಮಳೆಗಾಲದ ಕಪ್ಪೆಯಂತೆ ಹಾರಿ ದೇವರಾಜನ ಮೊಣಕಾಲಿಗೆ ಬಡಿಯಿತು.

"ಅಯ್ಯೋ! ಸಾಕು ಎದ್ದೇಳಿ ಭಾವ, ಬೀಗರು ಕಾಯ್ತಾವ್ರೆ."

"ನೀನು ದೂರ ನಿಂತ್ಕೊಳೋ!"

ಸದ್ದಿಗೆ ಅಕ್ಕಪಕ್ಕದವರೂ ಬಾಗಿಲಲ್ಲಿ ನೆರೆದರು. ಮೆಲ್ಲಗೆ ಎನ್ನುವವರು ಕೆಲವರು, ಜೋರಾಗಿ ಎನ್ನುವವರು ಕೆಲವರು. "ನೇಯ್ತಿದಾರೋ, ರಾಗಿ ಬಡೀತಿದಾರೋ?" ಎಂದಳು ಒಬ್ಬ ಅಜ್ಜಿ. ಮಾತು ಹೆಚ್ಚಿದಷ್ಟೂ ವೆಂಕಟರಾಯಪ್ಪನ ಬಡಿತ ಹೆಚ್ಚಿತು. ಬೆವರು ಕಣ್ಣಿಗಿಳಿದರೂ ಕೈ ಬಿಡಲಿಲ್ಲ. ಕೊನೆಗೂ ಒಂದು ಗೇಣು ಬಟ್ಟೆ ಬಿತ್ತು.

"ನೋಡ್ಕೊಳ್ರಪ್ಪಾ!" ಎಂದು ಏಳಲು ಹೋದರೆ ಸೊಂಟದ ಪಂಚೆ ಹಿಡಿದೆಳೆಯಿತು. ಮಡಿಲ ಮೇಲೆ ಎತ್ತಿಟ್ಟುಕೊಂಡಿದ್ದ ಪಂಚೆಯ ತುದಿಯ ಚುಂಗಿನ ಕುಚ್ಚು ನೂಲಿನ ಮಧ್ಯೆ ಜಾರಿ, ಮಗ್ಗದ ಮೇಲಿದ್ದ ಸೀರೆಯ ಅಂಚಿನಲ್ಲಿ ಬಿಗಿಯಾಗಿ ನೇಯ್ದುಹೋಗಿತ್ತು.

ಅಕ್ಷತ ಕತ್ತರಿ ತಂದಳು.

"ರೇಷ್ಮೆ ಪಂಚೆ ಕಣಮ್ಮ! ಮುಟ್ಟಿದ್ರೆ ನೋಡು."

"ಹಂಗಾದ್ರೆ ಬಿಚ್ಚಿಟ್ಟು ಬನ್ನಿ ಭಾವ, ಟವೆಲ್ ಕೊಡ್ತೀನಿ" ಎಂದ ದೇವರಾಜ್.

"ಬೀಗರ ಮನೇಗೆ ಟವೆಲ್ ಸುತ್ಕೊಂಡು ಹೋಗ್ಲಾ? ಏಳಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ದೇವರಾಜನಿಗೆ ಬೀಗರ ಫೋನು ಬಂತು. ಎಲೆ ಹಾಕಿದ್ದಾರಂತೆ.

"ಎಲೆ ಇಲ್ಲಿಗೇ ಕಳಿಸೋಕೆ ಹೇಳು. ಮಗ್ಗದ ಮೇಲೇ ಉಣ್ತೀನಿ!"

ಗಲಾಟೆಗೆ ಮುನಿಲಕ್ಷ್ಮಮ್ಮ ಹೊರಬಂದರು. ಮುಖ ಗಂಟಿಕ್ಕಿತ್ತು, ಒಂದು ಸೀರೆಯೂ ಮನಸ್ಸಿಗೆ ಬಂದಿರಲಿಲ್ಲ. ಇನ್ನು ಭಾವನ ಕತೆ ಮುಗೀತು ಎಂದು ದೇವರಾಜ್ ಪಕ್ಕಕ್ಕೆ ಸರಿದ. ವೆಂಕಟರಾಯಪ್ಪ ಮಾತ್ರ ಗದ್ದ ಎತ್ತಿ, "ಯಾರು ಹೇಳಿದ್ರೂ ಕತ್ತರಿ ಹಾಕೋಕೆ ಬಿಡಲ್ಲ ಕಣೇ!" ಎಂದರು.

ಆಕೆ ಬಗ್ಗಿ ಅಂಚನ್ನು ಸವರಿದರು. "ಕತ್ತರಿ ಹಾಕೋರು ಯಾರು? ಹಾಕಿದ್ರೆ ನಾನು ಸುಮ್ನಿರ್ತೀನಾ?"

ವೆಂಕಟರಾಯಪ್ಪನ ಎದೆ ಉಬ್ಬಿತು. "ಕೇಳಿದ್ಯೇನೋ ದೇವರಾಜ? ನಿಮ್ಮಕ್ಕ ನನ್ನ ಕಡೆ!"

"ಈ ಕುಚ್ಚಿನ ಅಂಚು ಎಷ್ಟು ಚೆನ್ನಾಗಿದೆ! ನಂಗೆ ಇದೇ ಸೀರೆ ಬೇಕು."

"ಲೇ, ಇನ್ನೂ ಗೇಣುದ್ದ ಆಗಿರೋದು!"

"ಅದಕ್ಕೇ ಏಳ್ಬೇಡಿ, ಪೂರ್ತಿ ನೇಯ್ರಿ." ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಪಕ್ಕದಲ್ಲೇ ಕೂತರು. "ಸೊಂಟದ ಒಳಗೆ ಸಿಕ್ಕಿಸ್ಕೊಂಡಿದೀರಲ್ಲ, ಆ ಇನ್ನೊಂದು ಚುಂಗೂ ಇತ್ಲಾಗೆ ಕೊಡಿ. ಒಂದೇ ಅಂಚಿಗೆ ಕುಚ್ಚಿದ್ರೆ ಸೀರೆಗೆ ಲಕ್ಷಣ ಇರುತ್ತಾ?"