ಅರಿಶಿಣದ ಮನೆಯಲ್ಲಿ ಗಿಟಾರು

ಶುಭಾಂಗಿ ಗಿಟಾರು ಕಲಿಯುವುದಕ್ಕೆ ಮನೆಯವರದು ಒಂದೇ ತಕರಾರು: ಅದು ಕೇಳಿಸುತ್ತದೆ.

ಆದರೂ ಆಕೆ ಘೋಷಿಸಿಯೇ ಬಿಟ್ಟಳು. "ವಿಜಯಶ್ರೀ ಅರಿಶಿಣಕ್ಕ ಡೀಜೆ ಬ್ಯಾಡ. ಕುಣಿಯೋ ಹಾಡು ನಾ ಬಾರಸ್ತೀನಿ."

"ವೈನಿ, ನನಗ ಒಂದೇ ಸಲ ಲಗ್ನ ಆಗೋದದ!" ನಾದಿನಿ ವಿಜಯಶ್ರೀ ಕೈಮುಗಿದಳು.

"ತಂತಿ ಮ್ಯಾಲ ಜೀ ಕಾರ್ಡಿನಿಂದ ಸೀ ಕಾರ್ಡಿಗೆ ನಿನ್ನ ಬೆರಳು ಹೋಗೂದ್ರಾಗ ನಿಲಂಗಾದಿಂದ ಹೊಂಟ ಬಸ್ ಉದಗೀರ ಮುಟ್ತದ," ಎಂದ ಗಂಡ ರವಿಕಾಂತ. (ಕಿರಾಣಿ ಅಂಗಡಿಯವನು. ಅವನ ಸಂಗೀತಜ್ಞಾನವೆಲ್ಲ ತೂಕದ ಯಂತ್ರದ ಬೀಪ್ ಸದ್ದಿಗೆ ಮುಗಿಯಿತು.)

ಶುಭಾಂಗಿ ಬಗ್ಗಲಿಲ್ಲ. ತನ್ನ ಕೂಸಿನ ತೊಟ್ಟಿಲ ಹಗ್ಗ ಕಾಲ ಹೆಬ್ಬೆರಳಿಗೆ, ಗಿಟಾರು ತೊಡೆಯ ಮೇಲೆ. ತೊಟ್ಟಿಲು ಆಚೆ ಹೋದರೆ ಜೀ, ಈಚೆ ಬಂದರೆ ಸೀ. ಕೂಸು ಮಲಗಿತು, ಬೆರಳ ತುದಿಗಳು ಗಟ್ಟಿಯಾದವು. ಎಲ್ಲೂ ತಡವರಿಸದೆ ಹಾಡು ಮುಗಿಸಿದ ದಿನ, ಕೂಸಿಗೆ ಮೊದಲ ಹಲ್ಲು ಬಂದಾಗಿನಷ್ಟೇ ಹೆಮ್ಮೆ!

ಅರಿಶಿಣದ ದಿನ ಜಳಕೋಟದಿಂದ, ಔರಾದದಿಂದ ಬಂದ ಹೆಂಗಸರೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯಲು ನಿಂತರು. ಶುಭಾಂಗಿ ತಂತಿಯ ಮೇಲೆ ಬೆರಳಿಟ್ಟಳು. ಕೈ ಏಳಲೊಲ್ಲದು! ಕಾಲಿಗೆ ಹಗ್ಗವಿಲ್ಲದೆ ಕೈಗೆ ತಾಳವೇ ಸಿಗದು.

"ರೀ, ತೊಟ್ಟಿಲಾ ತರ್ರಿ!"

"ಅರಿಶಿಣದಾಗೇ ತೊಟ್ಟಿಲಾ? ಮಂದಿ ಏನಂದಾರು!" ಅತ್ತೆ ಶಿವಗಂಗಾಬಾಯಿ ಹಣೆ ಬಡಿದುಕೊಂಡರು.

ತೊಟ್ಟಿಲು ಬಂತು, ಕೂಸಿನ ಸಮೇತ. ಹಾಡೂ ಹೊರಟಿತು, ತೊಟ್ಟಿಲ ನಡಿಗೆಯಲ್ಲಿ. ಎತ್ತಿದ ಕೈಗಳು ಮೆಲ್ಲಗೆ ಇಳಿದವು. ಕುಣಿಯಲು ಎದ್ದವರು ತೂಗಿದರು, ತೂಗಿದವರು ಕೂತರು. ಕಂಕುಳ ಕೂಸುಗಳು ಒಂದೊಂದಾಗಿ ಹೆಗಲಿಗೊರಗಿದವು. ಜಳಕೋಟದ ಸುಮನಬಾಯಿ ಆಕಳಿಸುತ್ತ ಒರಗಲು ಗೋಡೆ ಹುಡುಕಿದರು. ಕಣ್ಣು ತಂತಿಗೇ ನೆಟ್ಟಿದ್ದ ಶುಭಾಂಗಿಗೆ ಇದಾವುದೂ ಕಾಣದು. ಒಂದೂ ತಪ್ಪಿಲ್ಲದೆ ಮುಗಿಸಿ, ಕತ್ತೆತ್ತಿ, ಚಪ್ಪಾಳೆಗೆ ಕಾದಳು.

ಪಾಪ, ವಿಜಯಶ್ರೀ ಒಬ್ಬಳು ಕೈ ಎತ್ತಿದಳು. ಶಿವಗಂಗಾಬಾಯಿ ಹಾರಿ ಬಂದು ಹಿಡಿದರು.

"ಚಪ್ಪಾಳಿ ಬಡೀಬ್ಯಾಡ! ಕೂಸುಗೋಳೆಲ್ಲಾ ಒಂದೇ ಸಲಕ್ಕ ಮಲಗ್ಯಾವ!"

ಆಮೇಲೆ ಸೊಸೆಯ ಕಡೆ ತಿರುಗಿದರು. ಆ ಕಣ್ಣಲ್ಲಿ ಎಂದೂ ಕಾಣದ ಮೆಚ್ಚುಗೆ! "ಶುಭಾ, ಭಾಳ ಛಲೋ ಬಾರಿಸ್ದಿ. ತೊಟ್ಟಿಲಾ ತೊಗೊಂಡು ಒಳಗಿನ ಖೋಲ್ಯಾಗ ನಡಿ, ಬಾಗಲಾ ಹಾಕ್ಕೋ. ಲಗ್ನ ಮುಗಿಯೂತನಕ ಎಲ್ಲಾರ ಕೂಸುಗೋಳೂ ನಿನ್ನ ಕಡೇನೇ."

ಅಂಗಳದಲ್ಲಿ ರವಿಕಾಂತ ಡೀಜೆಯವನಿಗೆ ಫೋನು ಹಚ್ಚುತ್ತಿದ್ದ.

'ಅಂದ್ರ ಮತ್ತೊಮ್ಮೆ ಬಾರಸು ಅಂದಂಗಾತಲ್ಲ,' ಎಂದುಕೊಂಡ ಶುಭಾಂಗಿ, ಗಿಟಾರು ಎದೆಗಪ್ಪಿಕೊಂಡು ಬೀಗುತ್ತಲೇ ಒಳನಡೆದಳು.